ನನ್ನ ತಮ್ಮನಿಗೆ ನಾನು ನೋಡಿಸಿದ ಚೀನೀ ಜಾತಕ

ನನ್ನ ತಮ್ಮ ಪ್ರಸನ್ನನಿಗೆ ಹುಡುಗಿ ಒಪ್ಪಿಗೆಯಾಗುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಒಬ್ಬಳ ನಗು ಜಾಸ್ತಿ, ಇನ್ನೊಬ್ಬಳ ಮಾತು ಕಡಿಮೆ ಎನ್ನುತ್ತಾ ಉಡುಪಿಯಿಂದ ದುಬೈವರೆಗಿನ ನೆಂಟರನ್ನೆಲ್ಲ ಸುಸ್ತು ಮಾಡಿದ ಆಸಾಮಿ ಅವನು. ಕೊನೆಗೊಮ್ಮೆ ಬರ್ ದುಬೈಯ ಅಶ್ವಿನಿಯನ್ನು ನೋಡಿ, "ಅಕ್ಕ, ಇವಳೇ ಆಗ್ಲಿ" ಎಂದ. ಊರಿನ ಜೋಯಿಸರು ಜಾತಕ ಕೂಡಿಬರುತ್ತದೆ ಎಂದರು. ಹುಡುಗಿ ಮನೆಯವರು ಅಬುಧಾಬಿಯ ನಮ್ಮ ಮನೆಗೆ ಊಟಕ್ಕೆ ಬಂದು ಮಾತು ಪಕ್ಕಾ ಮಾಡುವುದಷ್ಟೇ ಬಾಕಿ. ಇಷ್ಟಕ್ಕೇ ಸುಮ್ಮನಿದ್ದರೆ ನಾನು ಸುಮಾ ಹೇಗಾದೇನು?

ನಮ್ಮ ಆಫೀಸಿನ ಚೀನೀ ಗೆಳತಿ ಲಿನ್ ಚೀನಾ ಪದ್ಧತಿಯ ಜಾತಕ ನೋಡುತ್ತಾಳೆ. ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತು ಸೇರಿ ನಾಲ್ಕು ಕಂಬ. ಅದರಲ್ಲಿ ದಿನದ ಕಂಬದ ಬುಡವೇ ಸಂಗಾತಿಯ ಮನೆಯಂತೆ. ಗಂಡಹೆಂಡಿರ ಹಣೆಬರಹವೆಲ್ಲ ಅಲ್ಲೇ. ಆಹಾ! ಎರಡು ದೇಶದ ಜಾತಕ ಕೂಡಿದ ಮದುವೆ ನಮ್ಮ ವಂಶದಲ್ಲಿ ಯಾರದ್ದಾಗಿದೆ? ಪ್ರಸನ್ನ ಹುಟ್ಟಿದ ತಾರೀಕು, ಹೊತ್ತು ಕೊಟ್ಟು, "ಫಲವನ್ನು ಊಟದ ದಿನ ಎಲ್ಲರೆದುರೇ ಹೇಳು" ಎಂದು ಅವಳನ್ನೂ ಕರೆದೆ.

"ಬೇಡ ಮಾರಾಯ್ತಿ, ಆಗುವ ಕೆಲಸಕ್ಕೆ ಕಲ್ಲು ಹಾಕ್ಬೇಡ" ಎಂದರು ನನ್ನ ಗಂಡ ರಮೇಶ್.

"ನಿಮಗೆ ಎಂತ ಗೊತ್ತುಂಟು?" ಎಂದು ಅವರ ಬಾಯಿ ಮುಚ್ಚಿಸಿದೆ.

ಶನಿವಾರ ಎಲ್ಲರೂ ಬಂದರು. ಊಟ ಮುಗಿಯಿತು, ಪಾಯಸ ಬಂತು, ಲಿನ್ ಫೋನ್ ತೆರೆದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಹುಡುಗಿಯ ತಾಯಿಗೆ ಕನ್ನಡದಲ್ಲಿ ಗಟ್ಟಿಯಾಗಿ ಹೇಳುವ ಘನಕಾರ್ಯ ನನ್ನದು.

"ಹುಡುಗ ಬುದ್ಧಿವಂತ. ಕಷ್ಟಪಟ್ಟು ದುಡಿಯುವವ. ಸಂಗಾತಿಯ ಮನೆ ಒಡೆದಿದೆ, ಎರಡು ಮದುವೆಯ ಯೋಗ ಉಂಟು!"

ಹೇಳಿದ ಮೇಲೆಯೇ ನನಗೆ ಕೇಳಿಸಿದ್ದು.

"ಎರಡಾ?" ಹುಡುಗಿಯ ತಾಯಿ ಪಾಯಸ ಕೆಳಗಿಟ್ಟರು. "ಹಾಗಾದ್ರೆ ಇದು ಎಷ್ಟನೆಯದು?"

"ಆಂಟಿ, ದೇವರಾಣೆ ಇದೇ ಮೊದಲ್ನೇದು!" ಎಂದ ಪ್ರಸನ್ನ.

"ಅಂದ್ರೆ ಇನ್ನೊಂದು ಬಾಕಿ ಉಂಟು!"

ಅಶ್ವಿನಿ ಬ್ಯಾಗ್ ಹೆಗಲಿಗೇರಿಸಿದಳು. "ಅಮ್ಮ, ಯಲ್ಲಾ. ಹೋಗುವ" ಎಂದಳು ಅರಬಿ ಬೆರೆಸಿ.

ಪ್ರಸನ್ನ ಲಿನ್‌ಳ ಫೋನಿಗೇ ಕಣ್ಣು ನೆಟ್ಟು ಕೂಗಿದ: "ಇದೆಂತ ಅಕ್ಕ, ಭಾನುವಾರದ ತಾರೀಕು ಕೊಟ್ಟಿದ್ದಿ? ನಾನು ಹುಟ್ಟಿದ್ದು ಸೋಮವಾರ!"

"ಭಾನುವಾರ ರಾತ್ರಿ ಎರಡು ಗಂಟೆಗೆ ಅಂತ ಅಮ್ಮ ಯಾವಾಗ್ಲೂ ಹೇಳುದಲ್ವಾ?"

ರಮೇಶ್ ಹಣೆ ಚಚ್ಚಿಕೊಂಡರು. "ಅದು ನಮ್ಮ ಪಂಚಾಂಗದ ಲೆಕ್ಕ ಮಾರಾಯ್ತಿ! ನಮಗೆ ಸೂರ್ಯ ಹುಟ್ಟುವವರೆಗೂ ಭಾನುವಾರ. ಇವರಿಗೆ ನಡುರಾತ್ರಿಗೇ ಸೋಮವಾರ ಸುರು. ನೀನು ಕೊಟ್ಟದ್ದು ಅದರ ಹಿಂದಿನ, ಶನಿವಾರ ರಾತ್ರಿದು!"

ಅಂದರೆ ತಮ್ಮನನ್ನು ಒಂದು ದಿನ ಮೊದಲೇ ಹುಟ್ಟಿಸಿ, ಇನ್ಯಾರದೋ ಎರಡು ಮದುವೆಯನ್ನು ಅವನ ತಲೆಗೆ ಕಟ್ಟಿದ್ದೆ! ಥೂ ನನ್ನ ಬುದ್ಧಿಗಿಷ್ಟು!

ಲಿನ್ ಸರಿಯಾದ ತಾರೀಕು ಹಾಕಿ ಮತ್ತೆ ನೋಡಿದಳು. ಅನುವಾದದ ಹುದ್ದೆಯಿಂದ ನನ್ನನ್ನು ವಜಾ ಮಾಡಲಾಗಿತ್ತು. ಈ ಸಲ ರಮೇಶ್ ಹೇಳಿದರು.

"ಸಂಗಾತಿಯ ಮನೆ ಗಟ್ಟಿ ಉಂಟಂತೆ. ಒಂದೇ ಮದುವೆಯಂತೆ."

ಅಶ್ವಿನಿ ಬ್ಯಾಗ್ ಕೆಳಗಿಟ್ಟು ಕುಳಿತಳು. ಪ್ರಸನ್ನ ಉಸಿರು ಬಿಟ್ಟ. ನಾನು ಮನಸ್ಸಿನಲ್ಲೇ ಊರಿನ ದೇವರಿಗೆಲ್ಲ ಕೈಮುಗಿದೆ. ಅಷ್ಟರಲ್ಲಿ ಲಿನ್ ಇನ್ನೇನೋ ಹೇಳಿದಳು. ರಮೇಶ್ ನಗು ತಡೆಯಲಾರದೆ ಕೆಮ್ಮಿದರು.

"ಹೆಂಡತಿಗೆ ಸಣ್ಣ ಕಾಟ ಒಂದುಂಟಂತೆ. ಹುಡುಗನ ಅಕ್ಕತಂಗಿಯರಿಂದ."

ಅಶ್ವಿನಿ ಮೆತ್ತಗೆ ಪ್ರಸನ್ನನ ಕಡೆ ತಿರುಗಿದಳು. "ನಿಮಗೆ ಅಕ್ಕತಂಗಿಯರು ಎಷ್ಟು ಜನ?"

ಎಲ್ಲರೂ ನನ್ನನ್ನೇ ನೋಡಿದರು.

"ನಾನೊಬ್ಬಳೇ" ಎಂದೆ.

"ಇದಕ್ಕೆ ಪರಿಹಾರ ಉಂಟಾ?" ಎಂದು ಹುಡುಗಿಯ ತಾಯಿ ಕೇಳಿದರು. ಸ್ವಲ್ಪ ದೂರದಲ್ಲಿ ಮನೆ ಮಾಡಿದರೆ ಸಾಕು ಎಂದಳು ಲಿನ್. ಸಭೆ ಇದನ್ನು ಸರ್ವಾನುಮತದಿಂದ ಅಂಗೀಕರಿಸಿತು. ಮೊದಲು ಕೈ ಎತ್ತಿದ್ದು ನನ್ನ ಗಂಡ!

ಮದುವೆ ಚೆನ್ನಾಗಿಯೇ ಆಯಿತು. ಗಂಡಹೆಂಡತಿ ಈಗ ದುಬೈಯಲ್ಲಿದ್ದಾರೆ. ಪ್ರಸನ್ನನ ಆಫೀಸು ಮಾತ್ರ ಇಲ್ಲೇ ಅಬುಧಾಬಿಯ ಅಲ್ ರೀಮ್‌ನಲ್ಲಿ, ನಮ್ಮ ಪಕ್ಕದ ಟವರಿನಲ್ಲಿ. ದಿನಾ ನೂರಕ್ಕೂ ಹೆಚ್ಚು ಕಿಲೋಮೀಟರ್ ಕಾರು ಓಡಿಸಿಕೊಂಡು ಬರುತ್ತಾನೆ, ಪಾಪ!