ಚೆಲ್ಲಲಾಗದ ಬಫರ್

ಚೆಲ್ಲುವುದೆಂದರೆ ನನಗೆ ಕೈಯೇ ಬಾರದು. ಬ್ಯಾಡಗಿಯ ನಮ್ಮ ಮನೆಯಲ್ಲಿ ಮಿರ್ಚಿ ಭಜಿ ಕರಿದ ಎಣ್ಣೆ ಮರುದಿನ ಒಗ್ಗರಣೆಗೆ ಹೋಗುತ್ತಿತ್ತು, ಅಲ್ಲಿಂದ ಕಿರುಗುಟ್ಟುವ ಬಾಗಿಲಿಗೆ. ಮೋರಿಯ ಮುಖವನ್ನಂತೂ ಅದು ಕಂಡಿದ್ದಿಲ್ಲ. ಈ ಸಂಸ್ಕಾರವನ್ನು ನಾನು ರಾಣೆಬೆನ್ನೂರಿನ ಬೀಜದ ಕಂಪನಿಯ ಪ್ರಯೋಗಾಲಯಕ್ಕೂ ಹೊತ್ತು ತಂದೆ. ಮೆಣಸಿನ ಸಸಿಗಳ ಡಿಎನ್‌ಎಯನ್ನು ಜೆಲ್ ಎಂಬ ತೆಳ್ಳನೆಯ ಹಲ್ವಾದೊಳಗೆ ಕರೆಂಟಿನಿಂದ ಓಡಿಸುವುದು ನನ್ನ ಕೆಲಸ. ಆ ಜೆಲ್ ಮುಳುಗಿರುವ ಉಪ್ಪುನೀರೇ ಬಫರ್. ಒಂದೆರಡು ಸಲ ಬಳಸಿ ಚೆಲ್ಲಬೇಕೆಂದು ನಮ್ಮ ಮೇಡಂ ಬರೆದು ಗೋಡೆಗೇ ಅಂಟಿಸಿದ್ದಾರೆ. ಆದರೆ ಥೇಟ್ ಬಾವಿ ನೀರಿನಂತೆ ತಿಳಿಯಾಗಿರುವುದನ್ನು ಯಾವ ಮನಸ್ಸಿನಿಂದ ಚೆಲ್ಲುವುದು, ನೀವೇ ಹೇಳಿ! ಮೊಸರಿಗೆ ಹೆಪ್ಪು ಉಳಿಸಿದಂತೆ ಹಳೆಯದನ್ನು ಉಳಿಸಿ, ಅದಕ್ಕೇ ಹೊಸದನ್ನು ಬೆರೆಸುತ್ತ ಬಂದೆ.

ಮೊನ್ನೆ ಮೇಡ್ಲೇರಿಯ ಶಾಂತಕ್ಕ ಬಂದು ಬಾಗಿಲ ಹೊರಗೆ ಕುಳಿತಳು. ಹಂಗಾಮಿಡೀ ಒಂದೊಂದು ಹೂವಿಗೂ ಕೈಯಿಂದಲೇ ಪರಾಗ ಮುಟ್ಟಿಸಿ, ನಮ್ಮ ಕಂಪನಿಗೆ ಹೈಬ್ರಿಡ್ ಬೀಜ ಬೆಳೆದವಳು. ಪ್ರತಿ ಸಸಿಗೂ ತಾಯಿಯದೊಂದು, ತಂದೆಯದೊಂದು ಗೆರೆ ಜೆಲ್‌ನಲ್ಲಿ ಕಂಡರೆ ಬೀಜ ಪಾಸು. ಕಾಣದಿದ್ದರೆ ಅವಳ ಹಂಗಾಮೆಲ್ಲ ನೀರಿನಲ್ಲಿ ಹೋಮ.

"ಏನಾತ್ರಿ ಸರ?"

ನೋಡಿದೆ. ತಾಯಿಯೂ ಇಲ್ಲ, ತಂದೆಯೂ ಇಲ್ಲ, ಎಲ್ಲ ಕಲಸಿಹೋಗಿತ್ತು! ಅಷ್ಟರಲ್ಲಿ ಅಳತೆಗೆಂದು ಪಕ್ಕದಲ್ಲಿ ಹಾಕಿದ್ದ, ಪೇಟೆಯಿಂದ ತರಿಸಿದ, ಯಾವಾಗಲೂ ಸ್ಪಷ್ಟ ಗೆರೆ ಕೊಡುವ ಡಿಎನ್‌ಎ ಕಣ್ಣಿಗೆ ಬಿತ್ತು. ಅದೂ ಕಲಸಿತ್ತು! ಜೆಲ್ ಓಡಿಸಿದ ಪೆಟ್ಟಿಗೆ ಮುಟ್ಟಿದರೆ ಒಳಗಿನ ನೀರು ಇನ್ನೂ ಸುಡುತ್ತಿದೆ. ಕೆಟ್ಟದ್ದು ಬೀಜವಲ್ಲ, ನನ್ನ ಬಫರ್! ಸ್ವಂತ ತಪ್ಪು ಸಿಕ್ಕಿದ್ದಕ್ಕೆ ಇಷ್ಟು ಕುಣಿಯುವಂತಾದದ್ದು ಜೀವಮಾನದಲ್ಲಿ ಅದೇ ಮೊದಲು.

"ಶಾಂತಕ್ಕಾ, ನಮ್ಮ ನೀರು ಹಳೇದಾಗೇತ್ರಿ. ಹೊಸಾದು ಹಾಕಿ ಮತ್ತ ಓಡಸ್ತೇನಿ, ಕುಂದ್ರಿ!"

"ಲಗೂ ಓಡಸ್ರಿ. ಇಲ್ಲಿ ನನ್ನ ಜೀವ ಓಡಾಕತ್ತೇತಿ."

ಹೊಸ ಬಫರ್, ಅದರಲ್ಲೇ ಕುದಿಸಿದ ಹೊಸ ಜೆಲ್. ಕಾಯುವಾಗ ನಾನೇ ಪರೀಕ್ಷೆ ಬರೆದವನಂತೆ ಉಗುರು ಕಚ್ಚಿದೆ. ಕೊನೆಗೆ ಪರದೆಯ ಮೇಲೆ ಚಿತ್ರ ಮೂಡಿತು ನೋಡಿ, ಸಾಲಿಗೆ ಸಾಲು ಜೋಡಿ ಗೆರೆ! ಮೇಡಂ ಇದ್ದಾರೆಂಬುದನ್ನೂ ಮರೆತು ಕೂಗಿ ಕರೆದೆ. ಶಾಂತಕ್ಕ ಒಳಗೆ ಬಂದು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

"ಎಲ್ಲಾರೂ ಅವ್ವ ಅಪ್ಪನ್ನ ಕರ್ಕೊಂಡ ಬಂದಾರಲ್ರಿ!" ಎಂದು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊರಟವಳು ಬಾಗಿಲಲ್ಲಿ ತಿರುಗಿದಳು. "ಆ ಹಾಳ ನೀರು ಚೆಲ್ಲೀರಿಲ್ರಿ ಸರ? ನಾಳೆ ಇನ್ನೊಬ್ಬರು ನನ್ನಂಗ ಅಂಜಬಾರದು."

"ಆಗಳೇ ಚೆಲ್ಲೇನ್ರಿ ಅಕ್ಕಾ" ಎಂದೆ, ಹಳೆ ಬಫರಿನ ಕ್ಯಾನನ್ನು ಕಾಲಿನಿಂದ ಮೇಜಿನ ಅಡಿಗೆ ಇನ್ನಷ್ಟು ಒಳಗೆ ತಳ್ಳುತ್ತ.