ಫೇಲಾದವಳ ಒಗ್ಗರಣೆ

ನಮ್ಮ ಕಾಕಾನ ಕಿರಿಮಗಳಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದ, ನಾಚಿಕೆಯೊಂದನ್ನು ಬಿಟ್ಟು! ಎಂಬತ್ತರ ದಶಕದ ಮೊದಲಲ್ಲಿ, ಹದಿನಾರರ ಆ ಹುಡುಗಿ ದೇವದುರ್ಗದಿಂದ ರಾಯಚೂರಿನ ನಮ್ಮ ಮನೆಗೆ ಬಂದು ಎಸ್ಸೆಸ್ಸೆಲ್ಸಿಗೆ ಕೂತಳು. ಬಿಟ್ಟು ಹೋಗುವಾಗ ಕಾಕಾ ನನಗೆ ಹೇಳಿದ್ದರು, "ಕೂಸಿಗೆ ತ್ರಾಸ್ ಆತಂದ್ರ ಹೇಳಪಾ, ಅವತ್ತೇ ಕರ್ಕೊಂಡ್ ಹೋಗ್ತೀನಿ. ಮಾನ್ವಿ ಕಡಿ ಒಂದು ವರ ಅದ." ಆಕೆ ಕಾಲೇಜು ಮೆಟ್ಟಿಲು ಹತ್ತುತ್ತಾಳೋ, ಮಾನ್ವಿಯಲ್ಲಿ ಒಲೆ ಊದುತ್ತಾಳೋ ಎಂಬುದು ಗಣಿತದ ಕೈಯಲ್ಲಿತ್ತು. ಗಣಿತ ಕಲಿಸುವ ಕರ್ಮ ನನ್ನ ತಲೆಗೆ ಬಿತ್ತು!

ಅವಳೋ, ತಪ್ಪು ಲೆಕ್ಕಕ್ಕೆ ತಾನೇ ಮೊದಲು ನಗುವವಳು. "ಉತ್ತರ ನೋಡಬೇ, ಅಪ್ಪನ ವಯಸ್ಸು ಮಗನಕಿಂತ ಕಮ್ಮಿ ಬಂದದ!" ಎಂದು ನಾನು ಚೀರಿದರೆ, "ಹೌದಲ್ಲೋ ಯಣ್ಣಾ! ಪಾಪ, ಯಾರು ಯಾರನ್ನ ಎತ್ಕೊಂಡ್ ತಿರುಗಿದ್ರೋ!" ಎಂದು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಇಂಥವಳಿಗೆ ಕಲಿಸುವುದೇನು, ನನ್ನ ತಲೆ?

ಫೇಲಾದಳು. ಫೇಲಾದ ಮಕ್ಕಳು ಕೋಣೆ ಸೇರಿ ಚಿಲಕ ಹಾಕುವುದು, ಪಾಸಾದವರು ಪೇಡೆ ಹಂಚುವುದು ಲೋಕರೂಢಿ. ಇವಳು ಮಂಡಕ್ಕಿ ನೆನೆಸಿ, ಬೋಗುಣಿ ತುಂಬ ಮಂಡಾಳ ಒಗ್ಗರಣೆ ಮಾಡಿ ಓಣಿಗೆಲ್ಲ ಹಂಚಿದಳು! "ಏನಬೇ ಇದು?" ಎಂದು ಎದುರುಮನೆಯ ಮುದುಕಿ ಬೆರಗಾದರೆ, "ಗಣಿತದಾಗ ಡುಮ್ಕಿ ಹೊಡದೀನಿ ಯವ್ವಾ. ಪಾಸಾದ್ರ ಸಿಹಿ, ಫೇಲಾದ್ರ ಖಾರ. ಮೆಣಸಿನಕಾಯಿ ಕಡೀರಿ" ಎಂದಳು. ಫೇಲಾದವಳು ಅವಳು, ಓಣಿಯಲ್ಲಿ ಮುಖ ಮುಚ್ಚಿಕೊಂಡು ತಿರುಗಿದವನು ನಾನು!

ಸುದ್ದಿ ಕೇಳಿ ಕಾಕಾ ಅವಳನ್ನು ಟ್ರಂಕು ಸಮೇತ ಕರೆದೊಯ್ಯಲು ಬಂದರು. ಮಗಳು ನಗುತ್ತ ತಟ್ಟೆ ಮುಂದಿಟ್ಟು, "ತಿನ್ನು ಯಪ್ಪಾ. ಪರೀಕ್ಷಾ ಮತ್ತ ಕಟ್ಟಾಕತ್ತೀನಿ" ಎಂದಳು. ಕಾಕಾ ಅವಳ ಮುಖವನ್ನೇ ಬಹಳ ಹೊತ್ತು ನೋಡಿ, ಒಬ್ಬರೇ ಬಸ್ಸು ಹತ್ತಿದರು. ಅಕ್ಟೋಬರಿನಲ್ಲೂ ಫೇಲು. ಮತ್ತೆ ಒಗ್ಗರಣೆ! ಈ ಸಲ ಓಣಿಯವರೇ ತಟ್ಟೆ ಹಿಡಿದು ಕಾಯುತ್ತಿದ್ದರು.

ಮೂರನೆಯ ಸಲದ ಫಲಿತಾಂಶ ಶಾಲೆಯ ಗೋಡೆಗೆ ಬಿತ್ತು. ನಾನೇ ನುಗ್ಗಿ ನೋಡಿದೆ. "ಪಾಸ್ ಆದಿಬೇ!" ಎಂದು ಕೂಗಿದ್ದೇ ತಡ, ಅವಳು ಬೇವಿನ ಗಿಡದ ಕೆಳಗೆ ಕುಸಿದು ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಫೇಲಾದಾಗ ಹಲ್ಲು ಕಿಸಿದಾಕಿ, ಪಾಸಾದಾಗ ಅಳ್ತೀ ಏನು, ಹುಚ್ಚಿ?" ಎಂದು ರೇಗಿದೆ.

"ಅಕ್ಕ ಫೇಲಾದಾಗ ಅತ್ಲು ಯಣ್ಣಾ. ಅಪ್ಪಗ ನಮ್ಮ ಕಣ್ಣೀರು ನೋಡಾಕ ಆಗಂಗಿಲ್ಲ. ಸಾಕು ನಡಿ ಅಂತ ಸಾಲಿ ಬಿಡಿಸಿ ಲಗ್ನ ಮಾಡಿಬಿಟ್ಟ. ನಾ ಅತ್ತಿದ್ರ ನನ್ನೂ ಕರ್ಕೊಂಡ್ ಹೋಗ್ತಿದ್ದ." ಮೂಗೊರೆಸಿಕೊಂಡು ಕೇಳಿದಳು, "ಈಗ ಅಳಬಹುದಲ್ಲ?"

ಇಂಥ ತಂಗಿ ನನಗಿದ್ದಾಳಲ್ಲ ಎಂದು ಎದೆ ತುಂಬಿ ಬಂತು. ಅವಳ ಪಕ್ಕ ನೆಲದ ಮೇಲೆಯೇ ಕುಳಿತು, "ಅಳವ್ವಾ, ಎಷ್ಟು ಬೇಕೋ ಅಷ್ಟು ಅಳು. ನಾ ಕುಂತಿರ್ತೀನಿ" ಎಂದೆ.