ಬಾಳೆಗುಳಿಯಲ್ಲಿ ತಾವು ದಯಪಾಲಿಸಿದ ಗಂಡನ ಕುರಿತು

ಅಂಕೋಲಾ,
ಜುಲೈ ೨೦೦೭

ಇವರಿಗೆ,
ಋತು ಉತ್ಸವಗಳ ವ್ಯವಸ್ಥಾಪಕರು,
ವರ್ಷಧಾರಾ ಮೋಜುಲೋಕ,
ಹುಬ್ಬಳ್ಳಿ ರಸ್ತೆ.

ಮಾನ್ಯರೇ,

ಅಂಕೋಲೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಒಂದನೇ ತರಗತಿಗೆ ಅಕ್ಷರ ಕಲಿಸುವ ಸುಗಂಧಾ ನಾಯಕ ಎಂಬ ನಾನು ತಮಗೂ, ತಮ್ಮ ನೀರಿನ ಪಂಪುಗಳಿಗೂ, ತಾವು ಕಾಪಾಡಿಕೊಂಡು ಬಂದಿರುವ ಸಂಸ್ಕೃತಿಗೂ ಪ್ರತ್ಯೇಕವಾಗಿ ನಮಸ್ಕರಿಸಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಗಂಡ ತೀರಿಕೊಂಡು ಬಹಳ ವರ್ಷಗಳಾದವು. ಆ ಕೊರತೆಯನ್ನು ನೀಗಿಸಲು ಸರ್ಕಾರಕ್ಕಾಗಲಿ, ಬಂಧುಬಳಗಕ್ಕಾಗಲಿ ಆಗಿರಲಿಲ್ಲ, ನಾನೂ ಕೇಳಿರಲಿಲ್ಲ. ಹೀಗಿರುವಾಗ ತಾವು ನನ್ನ ಅರ್ಜಿಗೂ ಕಾಯದೆ, ಒಪ್ಪಿಗೆಗೂ ಕಾಯದೆ, ಬಾಳೆಗುಳಿ ಕ್ರಾಸಿನಲ್ಲಿ ಕಾರವಾರದ ಬಸ್ಸಿನವರಿಗೂ ಹುಬ್ಬಳ್ಳಿಯ ಬಸ್ಸಿನವರಿಗೂ ಸಮನಾಗಿ ಕಾಣುವಷ್ಟು ಎತ್ತರದ ಜಾಹೀರಾತು ಫಲಕದ ಮೇಲೆ ನನಗೊಬ್ಬ ಗಂಡನನ್ನು ನಿಲ್ಲಿಸಿಕೊಟ್ಟಿದ್ದೀರಿ. ಈ ಉಪಕಾರ ಹೇಗೆ ಒದಗಿ ಬಂತೆಂಬುದನ್ನು, ತಮ್ಮಲ್ಲಿಗೆ ಪ್ರವಾಸ ಹೊರಡಲಿರುವ ಇತರ ವಯಸ್ಕರ ತಿಳಿವಳಿಕೆಗಾಗಿ, ಮೊದಲಿನಿಂದ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಕಾರವಾರದಲ್ಲಿ ಕಾಲೇಜು ಕಲಿಯುವಾಗ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ನಾವು ಮೂವರು ಗೆಳತಿಯರು, ಎಲ್ಲಿಗಾದರೂ ಒಟ್ಟಿಗೆ ಹೋಗಿಬರೋಣ ಎಂದು ಹೇಳುತ್ತ ಹೇಳುತ್ತಲೇ ಕೂದಲು ನೆರೆಸಿಕೊಂಡವರು. ನಾಗಶ್ರೀಯ ಗಂಡ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದು, ದೀಪಾವಳಿಯ ಹೊತ್ತಿಗೆ ಮನೆಗೆ ಬಂದು ಮತ್ತೆ ಹೊರಡುತ್ತಾನೆ. ಸದಾಶಿವಗಡದ ಮನಿಷಾ ಮದುವೆಯಾಗಲಿಲ್ಲ. ಬೈತಖೋಲದ ಮಂಜುಗಡ್ಡೆ ಕಾರ್ಖಾನೆಯ ಕಚೇರಿಯನ್ನು ನೋಡಿಕೊಳ್ಳುತ್ತಾಳೆ. ಒಬ್ಬಳ ಗಂಡ ಸಮುದ್ರದ ಮೇಲೆ, ಒಬ್ಬಳವನು ಮಣ್ಣಿನ ಕೆಳಗೆ, ಒಬ್ಬಳವನು ಹುಟ್ಟಿಯೇ ಇಲ್ಲ ಎಂದು ಮನಿಷಾ ನಮ್ಮನ್ನು ಪರಿಚಯಿಸುವುದುಂಟು.

ತಮ್ಮ ಉತ್ಸವಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರವಾಸದ ಯೋಜನೆ ಹಾಕಿದಾಗ, ಎಲ್ಲ ಋತುಗಳನ್ನೂ ತಾವು ನಮ್ಮ ಅಡಚಣೆ ನೋಡಿಯೇ ಹೊಂದಿಸಿದ್ದೀರೇನೋ ಎನಿಸಿತು. ಬೇಸಿಗೆಯ ಮಾವಿನ ಮೇಳಕ್ಕೆ ಹೋಗೋಣವೆಂದರೆ ಆಗ ಊರೆಲ್ಲ ಮದುವೆ. ದೀಪಗಳ ಉತ್ಸವಕ್ಕೆ ಹೋಗೋಣವೆಂದರೆ ಆಗಲೇ ನಾಗಶ್ರೀಯ ಗಂಡ ಬರುವುದು. ಡಿಸೆಂಬರಿನಲ್ಲಿ ಸಾಬೂನಿನ ನೊರೆ ಸುರಿಸಿ ತಾವು ಆಚರಿಸುವ ಹಿಮೋತ್ಸವಕ್ಕೆ ಹೋಗೋಣವೆಂದರೆ, ಬೈತಖೋಲದಲ್ಲಿ ಮೀನಿನ ಭರಾಟೆಯಿದ್ದು ಮನಿಷಾಗೆ ನಿಜವಾದ ಮಂಜುಗಡ್ಡೆಯಿಂದಲೇ ಬಿಡುವಿಲ್ಲ. ಕೊನೆಗೆ ಉಳಿದದ್ದು ಆಷಾಢ. ಬೋಟುಗಳು ದಡ ಹತ್ತಿರುತ್ತವೆ, ಯಾರ ಮನೆಯಲ್ಲೂ ಶುಭಕಾರ್ಯವಿಲ್ಲ, ಮತ್ತು ತಮ್ಮಲ್ಲಿ ‘ವಯಸ್ಕರಿಗಾಗಿಯೇ ವರ್ಷಾ ಸಂಭ್ರಮ. ಈ ಭಾನುವಾರ ಮಕ್ಕಳಿಗೆ ಪ್ರವೇಶವಿಲ್ಲ’. ವರ್ಷವಿಡೀ ಮಕ್ಕಳ ಮೂಗು ಒರೆಸುವ ನನಗೆ ಆ ಕೊನೆಯ ಸಾಲಿಗಿಂತ ಇಂಪಾದ ವಾಕ್ಯವನ್ನು ಕನ್ನಡದಲ್ಲಿ ಓದಿದ ನೆನಪಿಲ್ಲ. ಫೋನು ಮಾಡಿ ಕೇಳಿದೆ. ವಯಸ್ಕರೆಲ್ಲರಿಗೂ ಸ್ವಾಗತ ಎಂದು ತಮ್ಮ ಕಚೇರಿಯ ಹುಡುಗಿ ಜೇನಿನಂಥ ದನಿಯಲ್ಲಿ ಹೇಳಿದಳು.

ಅಂತೆಯೇ ಕಳೆದ ವರ್ಷ ಆಷಾಢದ ಒಂದು ಶನಿವಾರ ಶಾಲೆ ಬಿಟ್ಟ ಕೂಡಲೇ, ನಮ್ಮೂರ ಹುಲಿಯಾ ಗೌಡನ ಬಾಡಿಗೆ ಜೀಪಿನಲ್ಲಿ ಹೊರಟು ಘಟ್ಟ ಹತ್ತಿದೆವು. ಹೆಬ್ಬಳ್ಳ ತುಂಬಿ ಹರಿಯುವ, ಅಂಗಳಕ್ಕಿಳಿದರೆ ಕೊಡೆಯೇ ಹಾರಿಹೋಗುವ ಊರಿನಿಂದ, ಮೋಡ ಮಾತ್ರ ಇದ್ದು ಮಳೆಯಿಲ್ಲದ ಊರಿಗೆ, ಕೊಳವೆಯಲ್ಲಿ ಬರುವ ಮಳೆಯನ್ನು ನೋಡಲು ಹೋದ ನಮ್ಮ ಬುದ್ಧಿಯನ್ನು ತಾವು ಮೆಚ್ಚಬೇಕು. ಹುಬ್ಬಳ್ಳಿಯ ವಸತಿಗೃಹದಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ತಮ್ಮ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿದ್ದೆವು.

ಬೆಳಗಿನ ಹೊತ್ತು ಎಲ್ಲವೂ ಚೆನ್ನಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ತೊಟ್ಟಿಲು ಚಕ್ರದ ತುದಿಯಲ್ಲಿ ನಾಗಶ್ರೀ ಕಣ್ಣು ಮುಚ್ಚಿಕೊಂಡು ಇಳಿಸಿರೆಂದು ಬೇಡಿದ್ದು, ಇಳಿದ ಮೇಲೆ ಮತ್ತೊಮ್ಮೆ ಹತ್ತೋಣವೆಂದಿದ್ದು, ಎರಡೂ ನಡೆಯಿತು. ತಮ್ಮ ಕೃತಕ ಸಮುದ್ರದ ಬಗ್ಗೆ ಎಷ್ಟು ಹೊಗಳಿದರೂ ಸಾಲದು. ಬ್ಲೀಚಿಂಗ್ ಪುಡಿಯ ವಾಸನೆಯ, ಸಿಳ್ಳೆ ಹೊಡೆದಾಗ ಎದ್ದು ಮತ್ತೆ ಸಿಳ್ಳೆ ಹೊಡೆದಾಗ ಮಲಗುವ ಇಷ್ಟು ವಿಧೇಯ ಸಮುದ್ರವನ್ನು ನಾವು ಕಂಡಿರಲಿಲ್ಲ. ಕಾಳಿ ನದಿ ಕಡಲಿಗೆ ಸೇರುವಲ್ಲಿ ಈಜು ಕಲಿತ ಮನಿಷಾಳಿಗೆ ತಮ್ಮ ಕಾವಲುಗಾರನೊಬ್ಬ, ಸಮುದ್ರ ನೋಡಿ ಅಭ್ಯಾಸವಿಲ್ಲದವರು ಮೊಣಕಾಲಿನ ಆಚೆ ಹೋಗಬಾರದೆಂದು ಎಚ್ಚರಿಕೆ ಹೇಳಿದ. ಅವಳು ವಿನಯದಿಂದ ಮೊಣಕಾಲಿನ ಈಚೆಯೇ ನಿಂತಳು.

ಮಧ್ಯಾಹ್ನ ಮಳೆ ನೃತ್ಯದ ಅಂಗಣಕ್ಕೆ ಹೋದಾಗ, ವಯಸ್ಕರು ಎಂಬ ಪದದ ಅರ್ಥ ನಮಗೆ ತಿಳಿದಿರಲಿಲ್ಲವೆಂಬುದು ತಿಳಿಯಿತು. ಬಾಗಿಲಲ್ಲಿದ್ದ ದುರ್ಗಪ್ಪ ಎಂಬ ಸಿಬ್ಬಂದಿ ಕೈ ಅಡ್ಡ ಹಿಡಿದು, “ಗಂಡಸೂರು ಜೋಡಿ ಇದ್ರಷ್ಟ ಒಳಗ ಬಿಡ್ತೀವ್ರೀ ಮೇಡಂ,” ಎಂದರು. ನಾಗಶ್ರೀ ಪರ್ಸಿನಿಂದ ಗಂಡನ ಭಾವಚಿತ್ರ ತೆಗೆದು ತೋರಿಸಿದಳು. ಅವರು ಅದನ್ನು ಗೌರವದಿಂದ ನೋಡಿ, ಫೋಟೋ ನಡೆಯುವುದಿಲ್ಲವೆಂದು ಹೇಳಿ ಹಿಂದಿರುಗಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ; ನಿಯಮ ಮಾಡಿದವರು ತಾವು, ಬಾಗಿಲು ಕಾಯುವವರು ಅವರು.

ಉಪಾಯ ಹೊಳೆದದ್ದು ಮನಿಷಾಗೆ. ಜೀಪಿನಲ್ಲಿ ಮಲಗಿದ್ದ ಹುಲಿಯಾನನ್ನು ಎಬ್ಬಿಸಿ, ಸ್ವಲ್ಪ ಹೊತ್ತು ಗಂಡನಾಗಬೇಕೆಂದು ಕೇಳಿಕೊಂಡೆವು. ಮನೆಯಲ್ಲಿ ಒಬ್ಬಳನ್ನು ಸಂಭಾಳಿಸುವುದೇ ಕಷ್ಟವೆಂದು ಅವನು ಬಹಳ ಹಿಂಜರಿದ. ಆದರೂ ಅಂಗಿ ಕೊಡವಿಕೊಂಡು ನಾಗಶ್ರೀಯ ಜೊತೆ ಒಳಗೆ ಹೋದ, ಇನ್ನೊಂದು ಬಾಗಿಲಿನಿಂದ ಹೊರಬಂದ, ಮನಿಷಾಳ ಜೊತೆ ಮತ್ತೆ ಹೋದ. ದುರ್ಗಪ್ಪನವರು ಇದನ್ನು ನೋಡಿಯೂ ನೋಡದಂತೆ ಇದ್ದರೆಂದೇ ನನ್ನ ನಂಬಿಕೆ. ಆದರೆ ನನ್ನ ಸರದಿ ಬಂದಾಗ ತಾವು ಸ್ವತಃ ವಾಕಿಟಾಕಿ ಹಿಡಿದು ಅಲ್ಲಿಗೆ ಆಗಮಿಸಿದ್ದಿರಿ, ಮತ್ತು ಈಕೆ ನಿನಗೇನಾಗಬೇಕು ಎಂದು ಹುಲಿಯಾನನ್ನು ಕೇಳಿದಿರಿ. ಆಗ ಅವನ ಮಗಳು ನನ್ನ ತರಗತಿಯಲ್ಲಿ ಕಲಿಯುತ್ತಿದ್ದಳು; ಅವರ ಮನೆಯವರಿಗೆಲ್ಲ ನಾನು ಅಕ್ಕೋರು, ಅಂದರೆ ಟೀಚರು. ಅವನು ನನ್ನ ಮುಖ ನೋಡಿದ, ತಮ್ಮ ಮುಖ ನೋಡಿದ, ಕೈಮುಗಿದುಬಿಟ್ಟ.

“ಇವ್ರು ಅಕ್ಕೋರು ಸಾಹೇಬ್ರೆ. ಅಕ್ಕೋರ ಬಗ್ಗೆ ಹಾಂಗೆಲ್ಲ ಸುಳ್ಳು ಹೇಳೂಕೆ ನನ್ ಕೂಡೆ ಆಗೂದಿಲ್ಲ,” ಎಂದ.

ನಂತರ ತಾವು ನೀಡಿದ ಉಪನ್ಯಾಸ ನನಗೆ ಬಹುತೇಕ ಬಾಯಿಪಾಠವಾಗಿದೆ. ಇದು ಕುಟುಂಬಸ್ಥರ ಜಾಗ, ಗಂಡಸರಿಲ್ಲದ ಹೆಂಗಸರು ಗುಂಪುಕಟ್ಟಿ ಬಂದರೆ ವಾತಾವರಣ ಕೆಡುತ್ತದೆ, ತಮಗೂ ಒಂದು ಸಂಸ್ಕೃತಿಯಿದೆ ಎಂದಿರಿ. ಹೇಳುತ್ತಿರುವಾಗ ತಾವು ನನ್ನ ಮುಖವನ್ನಲ್ಲ, ಕೊರಳನ್ನು ನೋಡುತ್ತಿದ್ದಿರಿ. ಕರಿಮಣಿ ಇಲ್ಲದ್ದನ್ನು ಖಚಿತಪಡಿಸಿಕೊಂಡ ಮೇಲೆ ತಮ್ಮ ದನಿ ಇನ್ನಷ್ಟು ಎತ್ತರವಾಯಿತು. ಒಳಗಿದ್ದ ಜೋಡಿಗಳೆಲ್ಲ ಕುಣಿಯುವುದು ಬಿಟ್ಟು ನಮ್ಮನ್ನೇ ನೋಡಿದರು. ಮಾನ್ಯರೇ, ಇಷ್ಟು ವರ್ಷ ನೌಕರಿ ಮಾಡಿ, ಅತ್ತೆಯನ್ನು ನೋಡಿಕೊಂಡು, ಮನೆ ನಿಲ್ಲಿಸಿಕೊಂಡ ನಾನು ಯಾರೆದುರೂ ತಲೆ ತಗ್ಗಿಸಿದವಳಲ್ಲ. ಅಂದು ಸೆರಗನ್ನು ಕೊರಳಿಗೆ ಎಳೆದುಕೊಂಡೆ. ತಪ್ಪು ಮಾಡಿದವಳ ಹಾಗೆ ಎಳೆದುಕೊಂಡೆನಲ್ಲ ಎಂಬುದೇ ಇಂದಿಗೂ ನನ್ನನ್ನು ಚುಚ್ಚುವುದು.

ಒಳಗಿದ್ದ ಗೆಳತಿಯರನ್ನೂ ಸೇರಿಸಿ ನಮ್ಮನ್ನು ಗೇಟಿನ ಹೊರಗೆ ಗಾಡಿ ನಿಲ್ಲಿಸುವ ಬಯಲಿನವರೆಗೆ ಕಳಿಸಿಕೊಟ್ಟ ಹೊತ್ತಿಗೆ ಮೋಡ ಒಡೆಯಿತು. ಜೊತೆಗೆ ಕರೆಂಟೂ ಹೋಯಿತು. ತಮ್ಮ ಮಳೆ ನಿಂತು, ನಿಜವಾದ ಮಳೆ ಸುರಿಯತೊಡಗಿತು. ನಾನು ಜೀಪು ಹತ್ತಿ ಕೂತು ಮನೆಗೆ ಹೋಗೋಣವೆಂದೆ. ಮನಿಷಾ ನನ್ನ ಕೈಹಿಡಿದು ಕೆಳಗೆಳೆದಳು. ಹುಲಿಯಾ ನೀರಿನ ಖಾಲಿ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು, ಸುಗ್ಗಿಯಲ್ಲಿ ಗುಮಟೆ ಬಾರಿಸುವ ಹಾಗೆ ಬಾರಿಸತೊಡಗಿದ. ಮೊದಲು ಕಾಲಷ್ಟೇ ಅಲುಗಿತು. ಆಮೇಲೆ ನನ್ನ ಕೈಗಳು ಯಾವಾಗ ಮೇಲೆದ್ದವೋ ನನಗೆ ತಿಳಿಯದು. ನೆನೆದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿದ್ದರೂ, ಕೆಸರು ಎರಚುತ್ತಿದ್ದರೂ, ಅಳುತ್ತಿದ್ದೇನೋ ನಗುತ್ತಿದ್ದೇನೋ ಗೊತ್ತಾಗದೆ ಕುಣಿದೆ. ಒಳಗೆ ಸೂರಿನಡಿ ಒಣಗಿ ನಿಂತಿದ್ದ ಕೆಲವು ಜೋಡಿಗಳು ಹೊರಬಂದು ನಮ್ಮೊಡನೆ ಸೇರಿಕೊಂಡವು. ತಮ್ಮ ಛಾಯಾಗ್ರಾಹಕರೂ ಕೆಲಸವಿಲ್ಲದೆ ಕೊಡೆ ಹಿಡಿದು ಅಲ್ಲೇ ನಿಂತಿದ್ದರು.

ಅವರು ಆ ದಿನ ತೆಗೆದ ಚಿತ್ರವೇ ಈ ವರ್ಷದ ವರ್ಷಾ ಸಂಭ್ರಮಕ್ಕೆ ಮುಖವಾಗಿ ಬಾಳೆಗುಳಿಗೆ ಬಂದಿದೆ. ಕುಣಿಯುತ್ತಿರುವವಳು ನಾನು. ನಾಗಶ್ರೀ, ಮನಿಷಾ, ಹುಲಿಯಾ ಇದ್ದ ಜಾಗವನ್ನು ಅಳಿಸಿ, ಕಪ್ಪು ಕನ್ನಡಕದ, ತೋಳಿಲ್ಲದ ಬನಿಯನ್ನಿನ, ಒಂದು ಹನಿಯೂ ನೆನೆಯದ ಗಂಡಸೊಬ್ಬನನ್ನು ಕಂಪ್ಯೂಟರಿನಲ್ಲಿ ತಂದು ನನ್ನ ಹೆಗಲಿಗೆ ಕೈ ಹಾಕಿಸಿದ್ದೀರಿ. ಕೆಳಗೆ ‘ಈ ಮಳೆಗೆ ನಿಮ್ಮ ಜೋಡಿ ಯಾರು?’ ಎಂದು ಕೇಳಿದ್ದೀರಿ. ಅದೇ ಪ್ರಶ್ನೆಯನ್ನು ಈಗ ತರಕಾರಿಯವಳು, ಬಸ್ಸಿನ ನಿರ್ವಾಹಕ, ನಮ್ಮ ಹೆಡ್ಮಾಸ್ತರರು, ಎಲ್ಲರೂ ನನ್ನನ್ನು ಕೇಳದೆಯೇ ಕೇಳುತ್ತಿದ್ದಾರೆ.

ಬಾಯಿಬಿಟ್ಟು ಕೇಳಿದವನು ನನ್ನ ಮೈದುನ ದತ್ತಾ. ಕೆಸರುಗಾಲಲ್ಲೇ ಜಗಲಿ ಹತ್ತಿದವನು, ಮನೆತನದ ಮಾನ ಹರಾಜಾಯಿತೆಂದ. ಚಿತ್ರ ಇಳಿಯುವವರೆಗೆ ನಾನು ರಜೆ ಹಾಕಿ ಮನೆಯಲ್ಲೇ ಕೂರಬೇಕೆಂದ. ಅದು ನಾನಲ್ಲ, ನನ್ನ ಹಾಗೆ ಕಾಣುವ ಬೇರೆ ಯಾರೋ ಎಂದು ಊರಿಗೆ ಹೇಳಿಬಿಡೋಣವೆಂದೂ ದಾರಿ ತೋರಿಸಿದ. ಸುಲಭದ ದಾರಿಯೇ ಆಗಿತ್ತು. ಒಂದು ಕ್ಷಣ ನನಗೂ ಆಸೆಯಾಯಿತು. ಆದರೆ ಇನ್ನೊಮ್ಮೆ ಸೆರಗು ಎಳೆದುಕೊಳ್ಳಲು ಕೈ ಬರಲಿಲ್ಲ.

“ಕುಣಿಯೂದು ನಾನೇ ದತ್ತಾ. ಅದ್ ಖರೆ. ಸುಳ್ಳು ಇದ್ದದ್ದು ಅಂವ ಒಬ್ಬನೇ,” ಎಂದೆ.

ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನ ಅತ್ತೆ ಕಾಶಿಯಮ್ಮ ಇದನ್ನೆಲ್ಲ ಕೇಳಿಸಿಕೊಂಡು, ತನಗೂ ಆ ಚಿತ್ರ ನೋಡಬೇಕೆಂದರು. ದತ್ತಾ ಬೇಡವೆಂದರೂ ಕೇಳದೆ ಹುಲಿಯಾನ ಜೀಪು ತರಿಸಿ, ಬಾಳೆಗುಳಿಯಲ್ಲಿ ಇಳಿದು, ಕೊಡೆ ಹಿಡಿದು ಕತ್ತೆತ್ತಿ ಬಹಳ ಹೊತ್ತು ನೋಡಿದರು. ಆ ಚಿತ್ರದಲ್ಲಿ ಇರಬೇಕಾಗಿದ್ದವನು ತೀರಿಕೊಂಡ ಅವರ ಹಿರಿಯ ಮಗ. ಕೊನೆಗೆ ಅವರು, “ನೀ ಚಂದ ಕುಣಿತೆ ಕೂಸೆ. ಆ ಕನ್ನಡಕದಂವಗೆ ತಾಳವೇ ಗುತ್ತಿಲ್ಲ,” ಎಂದು ಹೇಳಿ ಜೀಪು ಹತ್ತಿದರು. ಅಂದಿನಿಂದ ದತ್ತಾ ನಮ್ಮ ಜಗಲಿಯಲ್ಲಿ ಆ ಮಾತೆತ್ತಿಲ್ಲ. ಮಾರನೆಯ ಬೆಳಿಗ್ಗೆ ಎಂದಿನಂತೆ ಶಾಲೆಗೆ ಹೋದೆ.

ಆದ್ದರಿಂದ ನನ್ನ ಬೇಡಿಕೆ ಚಿತ್ರವನ್ನು ಇಳಿಸಿ ಎಂಬುದಲ್ಲ. ತಾವು ದಯಪಾಲಿಸಿದ ಗಂಡನನ್ನು ದಯವಿಟ್ಟು ನಮ್ಮ ಮನೆಗೆ ಕಳಿಸಿಕೊಡಿ ಎಂಬುದು. ಹಂಚು ಸರಿಸುವುದಿದೆ, ಬಾವಿಯ ರಾಟೆ ಕಿರುಗುಟ್ಟುತ್ತಿದೆ, ಗ್ಯಾಸ್ ಸಿಲಿಂಡರಿನ ಸಾಲಿನಲ್ಲಿ ನಿಲ್ಲಲು ಜನ ಬೇಕು. ನೆನೆಯದ ಮೈಯವನಾದ್ದರಿಂದ ಅಂಕೋಲೆಯ ಮಳೆಗಾಲಕ್ಕೆ ಹೇಳಿ ಮಾಡಿಸಿದವನು. ಕನ್ನಡಕ ಹಾಕಿಕೊಂಡೇ ಬಂದರೆ ಅತ್ತೆ ಗುರುತು ಹಿಡಿಯಲು ಅನುಕೂಲ. ಅವನಂಥ ಇನ್ನೊಬ್ಬನನ್ನು ಮನಿಷಾಗೂ, ದೀಪಾವಳಿಯವರೆಗೆ ಮಾತ್ರ ಒಬ್ಬನನ್ನು ನಾಗಶ್ರೀಗೂ ಕಂಪ್ಯೂಟರಿನಲ್ಲೇ ಮಾಡಿಸಿ ಕೊಟ್ಟರೆ, ಮುಂದಿನ ಉತ್ಸವಕ್ಕೆ ಜೋಡಿಯಾಗಿಯೇ ಬಂದು ತಮ್ಮ ಸಂಸ್ಕೃತಿಯನ್ನು ಎತ್ತಿಹಿಡಿಯುತ್ತೇವೆ. ಇದಾವುದೂ ಆಗದಿದ್ದಲ್ಲಿ, ತಮ್ಮ ಬಾಗಿಲಿನ ಹೊರಗೆ ದಬ್ಬಿದವಳನ್ನು ತಮ್ಮ ಬಾಗಿಲಿಗೆ ಜನ ಕರೆಯಲು ನಿಲ್ಲಿಸಿಕೊಂಡದ್ದು ಯಾವ ಸಂಸ್ಕೃತಿಯೆಂದು ಒಂದನೇ ತರಗತಿಯ ಮಕ್ಕಳಿಗೂ ಅರ್ಥವಾಗುವಂತೆ ವಿವರಿಸಬೇಕಾಗಿ ವಿನಂತಿ.

ಮಳೆಯಲ್ಲಿ ನೆಂದೂ ನೆಗಡಿಯಾಗದ,
ತಮ್ಮ ವಿಶ್ವಾಸಿ,
ಸುಗಂಧಾ ನಾಯಕ

ತಾ.ಕ.: ಪತ್ರವನ್ನು ಅಂಚೆಗೆ ಹಾಕುವ ಮೊದಲು ತಿಳಿದುಬಂದ ವಿಷಯ. ನಿನ್ನೆಯ ಗಾಳಿಗೆ ತಮ್ಮ ಫಲಕ ನಡುವೆ ಹರಿದು, ತಾವು ಅಂಟಿಸಿದ ಭಾಗ ಹಾರಿಹೋಗಿದೆ, ನಾನೊಬ್ಬಳೇ ಕುಣಿಯುತ್ತಿದ್ದೇನೆ. ದುರಸ್ತಿಗೆ ಅವಸರ ಮಾಡಬೇಡಿ. ಹಾರಿಹೋದವರನ್ನು ಬಾಳೆಗುಳಿಯ ರೈತರೊಬ್ಬರು ತಮ್ಮ ಎಮ್ಮೆಯ ಕೊಟ್ಟಿಗೆಗೆ ಹೊದೆಸಿಕೊಂಡಿದ್ದಾರೆ. ಬರುವಾಗ ನೋಡಿದೆ, ಒಂದು ಹನಿಯೂ ಸೋರುತ್ತಿರಲಿಲ್ಲ. ಒಳಗೆ ಬಿಡುವ ಮೊದಲು ಎಮ್ಮೆಗೆ ಜೋಡಿ ಇದೆಯೇ ಎಂದು ಆ ರೈತರು ಕೇಳಿದಂತಿಲ್ಲ.